ಅರಸನ ಸ್ಥಾನವನ್ನು ಗಣರಾಜ್ಯವು ತುಂಬಿದ ಬಗೆ: ಮೈಸೂರಿನ ನಿದರ್ಶನ

೧೯೪೦ರ ಸೆಪ್ಟೆಂಬರಿನಲ್ಲಿ ಮೂಡಿಗೆರೆಯ ಶಾಲೆಯಲ್ಲಿ ಓದುತ್ತಿದ್ದ ಹತ್ತು ವರ್ಷದ ಬಾಲಕನೊಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬೇಕೆಂದು ಕೋರುತ್ತೇವೆ. ಆ ತಿಂಗಳು ಶ್ರೀ ಜಯಚಾಮರಾಜೇಂದ್ರ ಒಡೆಯರು ಮೈಸೂರಿನ ಸಿಂಹಾಸನವನ್ನೇರಿದರು. ಬಾಲಕನಿಗೆ ಅವರು ಮಹಾರಾಜರು. ಅವನು ಇಪ್ಪತ್ತರ ತರುಣನಾಗುವ ಹೊತ್ತಿಗೆ, ೧೯೫೦ರ ಜನವರಿ ೨೬ರಂದು, ಅದೇ ಮಹನೀಯರು ‘ರಾಜಪ್ರಮುಖ’ರೆನಿಸಿದರು. ಅವನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ೧೯೫೬ರ ನವೆಂಬರ್ ೧ರಂದು, ‘ರಾಜ್ಯಪಾಲ’ರಾದರು. ೧೯೬೪ರ ಮೇ ತಿಂಗಳಲ್ಲಿ ಅವರು ಮದರಾಸಿನ ರಾಜ್ಯಪಾಲರಾಗಿ ತೆರಳಿದಾಗ ನಮ್ಮ ಬಾಲಕನು ಮೂವತ್ತನಾಲ್ಕು ವರ್ಷದ ಗೃಹಸ್ಥ. ಅವನು ಊರು ಬಿಟ್ಟು ಕದಲಿರಲಿಲ್ಲ. ರಾಜ್ಯದ ಅಗ್ರಸ್ಥಾನದಲ್ಲಿದ್ದ ವ್ಯಕ್ತಿಯೂ ಈ ಇಪ್ಪತ್ತನಾಲ್ಕು ವರ್ಷಗಳಲ್ಲಿ ಬದಲಾಗಿರಲಿಲ್ಲ. ಆದರೆ ಆ ವ್ಯಕ್ತಿ ಆ ಸ್ಥಾನದಲ್ಲಿರಲು ಇದ್ದ ಆಧಾರ ಮಾತ್ರ ಎರಡು ಬಾರಿ ಬದಲಾಗಿತ್ತು. ಮೊದಲು ವಂಶ, ಬಳಿಕ ಮಾನ್ಯತೆ, ಕೊನೆಗೆ ನೇಮಕ.

ಅರಸನನ್ನು ಕಳೆದು ಗಣರಾಜ್ಯವನ್ನು ಸ್ಥಾಪಿಸುವ ದೇಶವು ತನ್ನ ಅಗ್ರಸ್ಥಾನಕ್ಕೆ ಯಾರನ್ನು, ಯಾರ ಮೂಲಕ, ಯಾವ ಕ್ರಮದಿಂದ ತರಬೇಕು ಎಂಬ ಪ್ರಶ್ನೆಯನ್ನು ಅನೇಕರು ತತ್ತ್ವದ ದೃಷ್ಟಿಯಿಂದ ವಿವೇಚಿಸಿದ್ದಾರೆ. ಪ್ರಕೃತ ಲೇಖನದಲ್ಲಿ ನಾವು ಅದನ್ನು ನಮ್ಮ ಸೀಮೆಯ ಅನುಭವದಿಂದ ವಿವೇಚಿಸಲು ಯತ್ನಿಸಿದ್ದೇವೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಮಲೆಗಳು ಹಳೆಯ ಮೈಸೂರು ಸಂಸ್ಥಾನದ ಕಡೂರು ಜಿಲ್ಲೆಗೆ ಸೇರಿದ್ದವು. ೧೯೪೭ರಲ್ಲಿ ಆ ಜಿಲ್ಲೆಗೆ ಚಿಕ್ಕಮಗಳೂರೆಂಬ ಹೆಸರು ಬಂದಿತು. ಬ್ರಿಟಿಷ್ ಪ್ರಾಂತಗಳ ಜನ ಒಬ್ಬ ದೂರದ ಚಕ್ರವರ್ತಿಯನ್ನು ಮಾತ್ರ ಕಳೆದುಕೊಂಡರು. ಇಲ್ಲಿಯ ಜನರಾದರೋ ಆ ಚಕ್ರವರ್ತಿಯ ಜೊತೆಗೆ ಸಮೀಪದ ಅರಸನ ಅಧಿಕಾರವೂ ಮುಗಿದುದನ್ನು ಕಂಡರು. ಆದುದರಿಂದ ಈ ಪ್ರಶ್ನೆಗೆ ಇಲ್ಲಿ ದೊರೆಯುವ ಉತ್ತರ ಹೆಚ್ಚು ಸ್ಪಷ್ಟವಾದುದೆಂದು ನಮ್ಮ ಅಭಿಪ್ರಾಯ.

೧. ಮಲೆಗಳ ಹಳೆಯ ಕ್ರಮಗಳು

ಈ ಮಲೆಗಳಲ್ಲಿ ಅರಸುತನಕ್ಕೆ ಒಂದೇ ಆಧಾರವಿರಲಿಲ್ಲ. ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಮೂಡಿಗೆರೆ ತಾಲೂಕಿನ ಇಂದಿನ ಅಂಗಡಿ ಗ್ರಾಮವೆಂದು ವಿದ್ವಾಂಸರು ಗುರುತಿಸಿದ್ದಾರೆ. ಮುನಿಯ ಮಾತಿನಂತೆ ಹುಲಿಯನ್ನು ಹೊಡೆದ ಸಳನ ಕಥೆಯನ್ನು ಇತಿಹಾಸವೆಂದು ಸ್ವೀಕರಿಸಬೇಕಾಗಿಲ್ಲ. ಆದರೆ ವಂಶವೊಂದು ತನ್ನ ಆರಂಭವನ್ನು ಯಾವ ಗುಣದ ಮೇಲೆ ನಿಲ್ಲಿಸಲು ಬಯಸಿತೆಂಬುದು ಅದರಿಂದ ತಿಳಿಯುತ್ತದೆ. ಮೊದಲ ಅರಸನು ಅರಸನಾದುದು ಹುಟ್ಟಿನಿಂದಲ್ಲ, ರಕ್ಷಿಸುವ ಸಾಮರ್ಥ್ಯದಿಂದ ಎಂಬುದೇ ಆ ಕಥೆಯ ತಾತ್ಪರ್ಯ. ಅವನ ತರುವಾಯ ಬಂದವರಿಗೆ ಹುಟ್ಟೇ ಸಾಕಾಯಿತು.

ಕಳಸದಲ್ಲಿ ಬೇರೊಂದು ಕ್ರಮ ಕಾಣುತ್ತದೆ. ಹದಿಮೂರನೆಯ ಶತಮಾನದ ಅಲ್ಲಿಯ ಶಾಸನಗಳಲ್ಲಿ ರಾಣಿಯರೇ ಆಳುತ್ತಿದ್ದ ಸಂಗತಿ ದೊರೆಯುತ್ತದೆ. ಮುಂದೆ ಕಳಸ-ಕಾರ್ಕಳದ ಭೈರರಸ ಒಡೆಯರಲ್ಲಿ ಅಳಿಯಸಂತಾನ ಕ್ರಮವು ನೆಲೆಗೊಂಡಿತು. ೧೫೮೬ರಲ್ಲಿ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನು ತನ್ನ ಪೂರ್ವಾಧಿಕಾರಿಗೆ ಮಗನಲ್ಲ, ಸೋದರಳಿಯ. ಘಟ್ಟದ ಮೇಲೆ ಮಗನಿಗೆ ಸಲ್ಲುತ್ತಿದ್ದ ಪಟ್ಟ ಘಟ್ಟದ ಅಂಚಿನ ಈ ಮನೆತನದಲ್ಲಿ ತಂಗಿಯ ಮಗನಿಗೆ ಸಲ್ಲುತ್ತಿತ್ತು. ಎರಡು ಕ್ರಮಗಳಲ್ಲಿಯೂ ರಾಜ್ಯ ನಡೆದುದರಿಂದ, ಪಟ್ಟವು ಯಾವ ರಕ್ತದಲ್ಲಿ ಹರಿಯಬೇಕೆಂಬುದು ಪ್ರಕೃತಿನಿಯಮವಲ್ಲ, ಜನ ಒಪ್ಪಿ ನಡೆಸಿಕೊಂಡು ಬಂದ ಕಟ್ಟಳೆ ಎಂಬುದು ಸಿದ್ಧಪಡುತ್ತದೆ.

ಈ ಕಟ್ಟಳೆಗೆ ಒಂದು ದೊಡ್ಡ ಪ್ರಯೋಜನವಿದ್ದಿತು. ಅರಸನು ತೀರಿಕೊಂಡ ದಿನವೇ ಮುಂದಿನವನು ಯಾರೆಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಸ್ಥಾನ ತೆರವಾಗಿ ಉಳಿಯುವ ಕಾಲ ಕಡಿಮೆಯಾದಷ್ಟೂ ಕಲಹದ ಕಾಲವೂ ಕಡಿಮೆ. ವಂಶಪಾರಂಪರ್ಯವನ್ನು ಟೀಕಿಸುವವರು ಈ ಗುಣವನ್ನು ಮರೆಯಲಾಗದು. ಅದನ್ನು ತೆಗೆದುಹಾಕುವ ಗಣರಾಜ್ಯವು ಅದೇ ನಿಶ್ಚಿತತೆಯನ್ನು ಬೇರೊಂದು ಮಾರ್ಗದಿಂದ ಒದಗಿಸಲೇಬೇಕಾಗುತ್ತದೆ.

೨. ಮೈಸೂರಿನ ಅರಸನೂ ‘ಮಾನ್ಯತೆ’ ಪಡೆದವನೇ

ಹದಿನೆಂಟನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಈ ಸೀಮೆಯೆಲ್ಲ ಮೈಸೂರಿನ ಅಧೀನಕ್ಕೆ ಬಂದಿತ್ತು. ಅಲ್ಲಿಂದ ಮುಂದೆ ಮಲೆನಾಡಿನ ಅರಸನೆಂದರೆ ಮೈಸೂರಿನ ಅರಸನೇ. ಆದರೆ ಹತ್ತೊಂಬತ್ತನೆಯ ಶತಮಾನದ ಮೈಸೂರಿನಲ್ಲಿ ಅರಸುತನವು ಕೇವಲ ವಂಶದ ಮೇಲೆ ನಿಂತಿತ್ತೆಂದು ಭಾವಿಸುವುದು ತಪ್ಪಾಗುತ್ತದೆ.

೧೭೯೯ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟೀಪೂ ಸುಲ್ತಾನನು ಮಡಿದ ಬಳಿಕ, ಮೈಸೂರನ್ನು ಯಾರಿಗೆ ಕೊಡಬೇಕೆಂಬುದನ್ನು ನಿರ್ಧರಿಸಿದವರು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಅವರು ಪಟ್ಟದಲ್ಲಿ ಕೂರಿಸಿದರು. ೧೮೩೧ರಲ್ಲಿ ಅದೇ ಕಂಪನಿಯು ಅದೇ ಅರಸರಿಂದ ಆಡಳಿತವನ್ನು ಕಸಿದುಕೊಂಡಿತು. ಮಹಾರಾಜರು ೧೮೬೫ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಶಾಸ್ತ್ರೋಕ್ತವಾದ ಆ ದತ್ತು ರಾಜ್ಯಕ್ಕೂ ಅನ್ವಯಿಸುವುದೇ ಎಂಬ ಪ್ರಶ್ನೆ ಲಂಡನ್ನಿನಲ್ಲಿ ತೀರ್ಮಾನವಾಗಬೇಕಾಯಿತು. ೧೮೬೭ರಲ್ಲಿ ಬ್ರಿಟಿಷ್ ಸರಕಾರವು ಒಪ್ಪಿದ ಮೇಲೆಯೇ ಆ ಬಾಲಕನು ಮೈಸೂರಿನ ಉತ್ತರಾಧಿಕಾರಿಯಾದನು.

೧೮೮೧ರ ಮಾರ್ಚಿಯಲ್ಲಿ ಆಡಳಿತವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಬರೆದುಕೊಟ್ಟ ಹಸ್ತಾಂತರ ಪತ್ರದಲ್ಲಿ ಈ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಗವರ್ನರ್ ಜನರಲರ ಮಾನ್ಯತೆ ದೊರೆಯುವ ತನಕ ಮೈಸೂರಿನ ಯಾವ ಉತ್ತರಾಧಿಕಾರವೂ ಸಿಂಧುವಾಗಲಾರದೆಂಬುದು ಅದರ ನಿಬಂಧನೆಗಳಲ್ಲೊಂದು. ಹೀಗೆ ಅರಸುತನದ ಒಳಗೆ ಎರಡು ಅಂಗಗಳು ಏರ್ಪಟ್ಟಿದ್ದವು. ಅಭ್ಯರ್ಥಿಯನ್ನು ಒದಗಿಸುವುದು ವಂಶದ ಕೆಲಸ. ಅವನನ್ನು ಅರಸನನ್ನಾಗಿ ಮಾಡುವುದು ಮಾನ್ಯತೆಯ ಕೆಲಸ. ಮೊದಲನೆಯದು ಅರಮನೆಯಲ್ಲಿತ್ತು, ಎರಡನೆಯದು ಕಲ್ಕತ್ತೆಯಲ್ಲಿ, ಆಮೇಲೆ ದೆಹಲಿಯಲ್ಲಿ.

ಪ್ರಜೆಗಳಿಗೆ ಈ ಎರಡರಲ್ಲಿಯೂ ಪಾಲಿರಲಿಲ್ಲ. ದಿವಾನ್ ರಂಗಾಚಾರ್ಲು ಅವರು ೧೮೮೧ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯಲ್ಲಿ ರೈತರು, ವರ್ತಕರು, ಕಾಫಿ ತೋಟಗಾರರ ಪ್ರತಿನಿಧಿಗಳು ಕುಳಿತು ತಮ್ಮ ಅಹವಾಲುಗಳನ್ನು ಹೇಳಿಕೊಳ್ಳಬಹುದಾಗಿತ್ತು. ರಸ್ತೆ, ಸುಂಕ, ಕಂದಾಯಗಳ ವಿಷಯ ಅಲ್ಲಿ ಬರುತ್ತಿತ್ತು. ಸಿಂಹಾಸನದ ವಿಷಯ ಬರುತ್ತಿರಲಿಲ್ಲ.

೩. ಒಂದು ಶಬ್ದದ ಇತಿಹಾಸ

೧೯೪೭ರ ಆಗಸ್ಟ್ ೧೫ರಂದು ಬ್ರಿಟಿಷ್ ಪರಮಾಧಿಕಾರವು ಕೊನೆಗೊಂಡಿತು. ಆ ದಿನದಿಂದ ೧೯೫೦ರ ಜನವರಿ ೨೬ರ ವರೆಗಿನ ಅವಧಿಯ ಸ್ಥಿತಿ ವಿಚಿತ್ರವಾದುದು. ಭಾರತವು ಸ್ವತಂತ್ರವಾದರೂ ಡೊಮಿನಿಯನ್ ಆಗಿದ್ದುದರಿಂದ ಅದರ ಔಪಚಾರಿಕ ಅಧಿಪತಿ ಆರನೆಯ ಜಾರ್ಜ್ ದೊರೆಯೇ. ಅವನ ಪರವಾಗಿ ಮೊದಲು ಮೌಂಟ್‌ಬ್ಯಾಟನ್, ೧೯೪೮ರ ಜೂನ್‌ನಿಂದ ಚಕ್ರವರ್ತಿ ರಾಜಗೋಪಾಲಾಚಾರಿ ಗವರ್ನರ್ ಜನರಲ್ ಆಗಿದ್ದರು. ಮೈಸೂರು ಆ ಡೊಮಿನಿಯನ್ನಿಗೆ ಸೇರ್ಪಡೆಯಾಗಿತ್ತು, ಆದರೆ ಅದಕ್ಕೆ ಅದರದೇ ಮಹಾರಾಜರು. ‘ಮೈಸೂರು ಚಲೋ’ ಚಳವಳಿಯ ಫಲವಾಗಿ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಆಡಳಿತವು ಜನರ ಪ್ರತಿನಿಧಿಗಳ ಕೈಗೆ ಬಂದಮೇಲೂ ಅಗ್ರಸ್ಥಾನದ ಪ್ರಶ್ನೆ ಹಾಗೆಯೇ ಉಳಿದಿತ್ತು.

ಮೈಸೂರಿಗೆ ಪ್ರತ್ಯೇಕ ರಾಜ್ಯಾಂಗವನ್ನು ರಚಿಸಬೇಕೆಂದು ಸೇರಿದ ಸಭೆಯು ಕೊನೆಗೆ ಭಾರತದ ರಾಜ್ಯಾಂಗವನ್ನೇ ಒಪ್ಪುವುದು ಲೇಸೆಂದು ತೀರ್ಮಾನಿಸಿತು. ೧೯೪೯ರ ನವೆಂಬರಿನಲ್ಲಿ ಮಹಾರಾಜರು ಘೋಷಣೆಯನ್ನು ಹೊರಡಿಸಿ ಅದನ್ನು ಅಂಗೀಕರಿಸಿದರು. ಈ ರಾಜ್ಯಾಂಗದಲ್ಲಿ ಮೈಸೂರು ‘ಬಿ’ ಭಾಗದ ರಾಜ್ಯವಾಯಿತು. ‘ಎ’ ಭಾಗದ ರಾಜ್ಯಗಳಿಗೆ ರಾಜ್ಯಪಾಲರು, ‘ಬಿ’ ಭಾಗದವಕ್ಕೆ ರಾಜಪ್ರಮುಖರು.

ಇಲ್ಲಿ ನಾವು ವಾಚಕರ ಗಮನವನ್ನು ೩೬೬ನೆಯ ಅನುಚ್ಛೇದದ ಕಡೆಗೆ ಸೆಳೆಯಬಯಸುತ್ತೇವೆ. ಮೈಸೂರಿನ ರಾಜಪ್ರಮುಖನೆಂದರೆ ಮೈಸೂರಿನ ಮಹಾರಾಜನೆಂದು ರಾಷ್ಟ್ರಪತಿಯಿಂದ ಆ ಕಾಲಕ್ಕೆ ಮಾನ್ಯತೆ ಪಡೆದಿರುವ ವ್ಯಕ್ತಿ ಎಂಬ ಅರ್ಥವನ್ನು ಅದು ಕೊಟ್ಟಿತ್ತು. ರಾಜ್ಯಪಾಲರನ್ನು ರಾಷ್ಟ್ರಪತಿಯು ‘ನೇಮಿಸು’ತ್ತಾನೆ, ರಾಜಪ್ರಮುಖನಿಗೆ ‘ಮಾನ್ಯತೆ’ ಕೊಡುತ್ತಾನೆ. ನೇಮಕ, ಅಧಿಕಾರಾವಧಿ, ಅರ್ಹತೆಗಳನ್ನು ಕುರಿತ ಅನುಚ್ಛೇದಗಳು ‘ಬಿ’ ಭಾಗದ ರಾಜ್ಯಗಳಿಗೆ ಅನ್ವಯಿಸುತ್ತಿರಲಿಲ್ಲ. ೧೮೮೧ರ ಪತ್ರದಲ್ಲಿ ಗವರ್ನರ್ ಜನರಲರಿಗಿದ್ದ ಅಧಿಕಾರವೇ ಹೆಸರು ಬದಲಾಗದೆ ೧೯೫೦ರಲ್ಲಿ ರಾಷ್ಟ್ರಪತಿಗೆ ಬಂದಿತು. ಗಣರಾಜ್ಯವು ಮೊದಲು ಹಿಡಿದುದು ಅರಸನ ಸ್ಥಾನವನ್ನಲ್ಲ, ಅರಸನಿಗೆ ಮಾನ್ಯತೆ ಕೊಡುತ್ತಿದ್ದವನ ಸ್ಥಾನವನ್ನು. ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮುಖ್ಯ ಸಂಗತಿ ಇದೇ. ಮಾನ್ಯತೆಯ ಅಧಿಕಾರವು ಚುನಾಯಿತ ರಾಷ್ಟ್ರಪತಿಯ ಕೈ ಸೇರಿದಮೇಲೆ ಅರಸನ ಸ್ಥಾನವನ್ನು ಬದಲಾಯಿಸಲು ಯಾವ ಕಲಹವೂ ಬೇಕಾಗಲಿಲ್ಲ. ಆರೇಳು ವರ್ಷ ಕಾಯುವುದಷ್ಟೇ ಉಳಿದಿತ್ತು.

೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಏಳನೆಯ ತಿದ್ದುಪಡಿಯು ‘ಎ’, ‘ಬಿ’ ಎಂಬ ಭೇದವನ್ನೂ ರಾಜಪ್ರಮುಖ ಪದವಿಯನ್ನೂ ತೆಗೆದುಹಾಕಿತು. ಧಾರವಾಡ, ಬೆಳಗಾವಿ, ಬಿಜಾಪುರ, ಕಲ್ಬುರ್ಗಿ, ರಾಯಚೂರು, ದಕ್ಷಿಣ ಕನ್ನಡ, ಕೊಡಗುಗಳ ಜನ ಸೇರಿದ ಹೊಸ ಮೈಸೂರು ರಾಜ್ಯಕ್ಕೆ ಒಡೆಯರನ್ನು ಮಹಾರಾಜರೆಂದು ಮಾನ್ಯ ಮಾಡುವುದಕ್ಕೆ ಚಾರಿತ್ರಿಕ ಆಧಾರವೂ ಇರಲಿಲ್ಲ. ರಾಷ್ಟ್ರಪತಿಯು ೧೫೫ನೆಯ ಅನುಚ್ಛೇದದಂತೆ ಅವರನ್ನು ರಾಜ್ಯಪಾಲರನ್ನಾಗಿ ನೇಮಿಸಿದರು. ಈಗ ಅವರು ಆ ಸ್ಥಾನದಲ್ಲಿದ್ದುದು ರಾಷ್ಟ್ರಪತಿಯ ಇಚ್ಛೆ ಇರುವ ತನಕ. ಅವರ ಬಳಿಕ ಆ ಸ್ಥಾನ ಅವರ ಮಗನಿಗೆ ಬರುವಂತಿರಲಿಲ್ಲ. ೧೯೬೪ರಲ್ಲಿ ಅವರ ತರುವಾಯ ಬಂದವರು ನಿವೃತ್ತ ಸೇನಾಧಿಕಾರಿ ಎಸ್. ಎಂ. ಶ್ರೀನಾಗೇಶರು, ೧೯೬೫ರಲ್ಲಿ ಬಂದವರು ಕಾರ್ಮಿಕ ನಾಯಕ ವಿ. ವಿ. ಗಿರಿಯವರು.

ಮಾನ್ಯತೆಯ ಕಥೆ ಅಲ್ಲಿಗೂ ಮುಗಿಯಲಿಲ್ಲ. ಮಾಜಿ ಅರಸರೆಂಬ ಮಾನ್ಯತೆಯೂ ಅದಕ್ಕೆ ಸೇರಿದ ರಾಜಧನವೂ ಉಳಿದಿದ್ದವು. ಮೈಸೂರಿಗೆ ಗೊತ್ತುಪಡಿಸಿದ್ದ ರಾಜಧನ ವರ್ಷಕ್ಕೆ ೨೬ ಲಕ್ಷ ರೂಪಾಯಿ. ೧೯೭೦ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿಯ ಆಜ್ಞೆಯಿಂದ ಎಲ್ಲ ಅರಸರ ಮಾನ್ಯತೆಯನ್ನು ರದ್ದುಪಡಿಸಲಾಯಿತು. ಆಜ್ಞೆ ಹೊರಡಿಸಿದ ರಾಷ್ಟ್ರಪತಿ ಮೈಸೂರಿನ ಹಿಂದಿನ ರಾಜ್ಯಪಾಲರಾದ ಅದೇ ಗಿರಿಯವರು. ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಅಸಿಂಧುವೆಂದಿತು. ೧೯೭೧ರ ಇಪ್ಪತ್ತಾರನೆಯ ತಿದ್ದುಪಡಿಯು ಅದೇ ಉದ್ದೇಶವನ್ನು ರಾಜ್ಯಾಂಗದ ಮಾರ್ಗದಿಂದ ನೆರವೇರಿಸಿತು. ಕೊಟ್ಟ ಮಾನ್ಯತೆಯನ್ನು ಹಿಂತೆಗೆದುಕೊಳ್ಳುವಾಗಲೂ ಕ್ರಮ ತಪ್ಪಬಾರದೆಂಬುದು ಇದರಿಂದ ಸಿದ್ಧವಾಯಿತು. ಅರಸರ ಕಾಲದಲ್ಲಿ, ೧೮೩೧ರಲ್ಲಿ, ಇಂಥ ನ್ಯಾಯಾಲಯವೊಂದು ಮುಮ್ಮಡಿ ಕೃಷ್ಣರಾಜರಿಗೆ ಒದಗಿರಲಿಲ್ಲ.

೪. ಕೈಬಿಟ್ಟ ಮಾರ್ಗಗಳು

ರಾಜ್ಯಪಾಲರನ್ನು ದೆಹಲಿಯಿಂದ ನೇಮಿಸುವ ಕ್ರಮವು ಮೊದಲಿನಿಂದಲೇ ನಿಶ್ಚಯವಾಗಿತ್ತೆಂದು ಅನೇಕರು ತಿಳಿದಿರುವುದುಂಟು. ವಸ್ತುಸ್ಥಿತಿ ಬೇರೆ. ಸರದಾರ್ ಪಟೇಲರ ಅಧ್ಯಕ್ಷತೆಯ ಪ್ರಾಂತೀಯ ರಾಜ್ಯಾಂಗ ಸಮಿತಿಯು ೧೯೪೭ರಲ್ಲಿ ಸೂಚಿಸಿದುದು ವಯಸ್ಕ ಮತದಾರರೆಲ್ಲರೂ ನೇರವಾಗಿ ರಾಜ್ಯಪಾಲರನ್ನು ಚುನಾಯಿಸುವ ಕ್ರಮವನ್ನು. ೧೯೪೮ರ ಕರಡು ರಾಜ್ಯಾಂಗದಲ್ಲಿ ಅದರ ಜೊತೆಗೆ ಇನ್ನೊಂದು ಮಾರ್ಗವನ್ನೂ ಇರಿಸಲಾಯಿತು. ರಾಜ್ಯದ ಶಾಸನಸಭೆಯು ನಾಲ್ವರ ಹೆಸರುಗಳನ್ನು ಚುನಾಯಿಸಿ ಕೊಡಬೇಕು. ರಾಷ್ಟ್ರಪತಿಯು ಅವರಲ್ಲೊಬ್ಬರನ್ನು ನೇಮಿಸಬೇಕು. ೧೯೪೯ರ ಮೇ ೩೦, ೩೧ರಂದು ಚರ್ಚೆ ನಡೆದು ಎರಡನ್ನೂ ಕೈಬಿಡಲಾಯಿತು.

ಅದಕ್ಕೆ ಕೊಟ್ಟ ಕಾರಣಗಳು ತೂಕವುಳ್ಳವು. ಮುಖ್ಯಮಂತ್ರಿಯೂ ಜನರಿಂದ ಬಂದವನು, ರಾಜ್ಯಪಾಲನೂ ಜನರಿಂದ ಬಂದವನು ಎಂದಾದರೆ ಇಬ್ಬರಿಗೂ ಘರ್ಷಣೆ ತಪ್ಪದು. ಔಪಚಾರಿಕ ಕಾರ್ಯಗಳಷ್ಟೇ ಇರುವವನಿಗಾಗಿ ರಾಜ್ಯವಿಡೀ ಚುನಾವಣೆ ನಡೆಸುವುದು ವ್ಯರ್ಥವೆಂದು ಡಾ. ಅಂಬೇಡ್ಕರರ ವಾದ. ದೇಶ ಒಡೆದು ಎರಡು ವರ್ಷವೂ ತುಂಬದಿದ್ದಾಗ ಪ್ರಾಂತೀಯ ಮನೋಭಾವಕ್ಕೆ ಇಂಬು ಕೊಡಬಾರದೆಂದು ಪಂಡಿತ ನೆಹರೂ ಅವರ ಎಚ್ಚರಿಕೆ.

ಇನ್ನೊಂದು ಮಾರ್ಗವನ್ನು ಕಾಶ್ಮೀರದಲ್ಲಿ ಆಚರಣೆಗೆ ತಂದು ನೋಡಲಾಯಿತು. ಅಲ್ಲಿಯೂ ಮಹಾರಾಜರಿದ್ದರು. ೧೯೫೨ರಲ್ಲಿ ಅಲ್ಲಿಯ ಸಭೆಯು ‘ಸದರ್-ಇ-ರಿಯಾಸತ್’ ಎಂಬ ಪದವಿಯನ್ನು ಏರ್ಪಡಿಸಿ, ಮಹಾರಾಜ ಹರಿಸಿಂಹರ ಮಗ ಕರಣ ಸಿಂಹರನ್ನೇ ಅದಕ್ಕೆ ಚುನಾಯಿಸಿತು. ರಾಷ್ಟ್ರಪತಿಯು ಮಾನ್ಯತೆ ಕೊಟ್ಟರು. ಮೈಸೂರಿನಲ್ಲಿ ವಂಶವು ಅಭ್ಯರ್ಥಿಯನ್ನು ಒದಗಿಸುತ್ತಿದ್ದ ಎಡೆಯಲ್ಲಿ ಅಲ್ಲಿ ಶಾಸನಸಭೆಯೇ ನಿಂತಿತು. ೧೯೬೫ರಲ್ಲಿ ಆ ಪದವಿ ಹೋಗಿ ಅಲ್ಲಿಗೂ ರಾಜ್ಯಪಾಲರು ಬಂದರು. ಜನರ ಪ್ರತಿನಿಧಿಗಳು ಹೆಸರನ್ನು ಕೊಟ್ಟು ಒಕ್ಕೂಟವು ಮಾನ್ಯತೆ ಕೊಡುವ ಕ್ರಮ ಅಸಾಧ್ಯವಲ್ಲವೆಂದು ತೋರಿಸಲು ಆ ಹದಿಮೂರು ವರ್ಷಗಳು ಸಾಕು.

೫. ರಾಷ್ಟ್ರಪತಿಯ ಆಯ್ಕೆಯಲ್ಲಿ ಮಲೆನಾಡಿನ ಪಾಲು

ಆರನೆಯ ಜಾರ್ಜ್ ದೊರೆಯ ಸ್ಥಾನಕ್ಕೆ ಬಂದ ರಾಷ್ಟ್ರಪತಿಯ ವಿಷಯದಲ್ಲಿ ರಾಜ್ಯಾಂಗವು ಬೇರೆ ಮಾರ್ಗವನ್ನು ಹಿಡಿಯಿತು. ಮೊದಲ ರಾಷ್ಟ್ರಪತಿಯಾದ ಡಾ. ರಾಜೇಂದ್ರ ಪ್ರಸಾದರನ್ನು ೧೯೫೦ರ ಜನವರಿ ೨೪ರಂದು ರಾಜ್ಯಾಂಗ ರಚನಾ ಸಭೆಯೇ ಅವಿರೋಧವಾಗಿ ಆರಿಸಿತು. ಮುಂದಿನವರನ್ನು ಆರಿಸುವವರು ಸಂಸತ್ತಿನ ಚುನಾಯಿತ ಸದಸ್ಯರೂ ರಾಜ್ಯ ವಿಧಾನಸಭೆಗಳ ಚುನಾಯಿತ ಸದಸ್ಯರೂ ಸೇರಿದ ಮಂಡಲದವರು. ಒಬ್ಬ ಶಾಸಕನ ಮತದ ಮೌಲ್ಯವನ್ನು ಗೊತ್ತುಮಾಡುವ ಲೆಕ್ಕ ಸುಲಭವಾಗಿದೆ. ರಾಜ್ಯದ ಜನಸಂಖ್ಯೆಯನ್ನು ಚುನಾಯಿತ ಶಾಸಕರ ಸಂಖ್ಯೆಯಿಂದ ಭಾಗಿಸಿ, ಬಂದುದನ್ನು ಮತ್ತೆ ಸಾವಿರದಿಂದ ಭಾಗಿಸಬೇಕು. ೧೯೭೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ೨,೯೨,೯೯,೦೧೪, ಶಾಸಕರು ೨೨೪. ಭಾಗಲಬ್ಧವನ್ನು ಪೂರ್ಣಾಂಕಕ್ಕೆ ತಂದರೆ ೧೩೧. ೨೦೨೨ರ ಚುನಾವಣೆಯಲ್ಲಿಯೂ ನಮ್ಮ ಶಾಸಕನ ಮತದ ಮೌಲ್ಯ ಇಷ್ಟೇ ಇತ್ತು. ಸಂಸತ್ ಸದಸ್ಯನ ಮತದ ಮೌಲ್ಯ ಆಗ ೭೦೦.

ಚಿಕ್ಕಮಗಳೂರು ಜಿಲ್ಲೆಯಲ್ಲಿ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು ಎಂಬ ಐದು ವಿಧಾನಸಭಾ ಕ್ಷೇತ್ರಗಳಿವೆ. ಐವರ ಮತಗಳ ಒಟ್ಟು ಮೌಲ್ಯ ೬೫೫. ಹತ್ತು ಲಕ್ಷಕ್ಕೂ ಮಿಕ್ಕಿದ ಒಟ್ಟು ಮೌಲ್ಯದಲ್ಲಿ ಇದು ಅಲ್ಪವೇ ಸರಿ, ಆದರೂ ಶೂನ್ಯವಲ್ಲ. ಕಳಸದ ತೋಟದ ಕೂಲಿಕಾರನು ಮೂಡಿಗೆರೆಯ ಶಾಸಕನಿಗೆ ಹಾಕುವ ಮತವು ಎರಡು ಮೆಟ್ಟಿಲು ಹತ್ತಿ ರಾಷ್ಟ್ರಾಧ್ಯಕ್ಷನ ಆಯ್ಕೆಯನ್ನು ಮುಟ್ಟುತ್ತದೆ. ಸಾವಿರ ವರ್ಷಗಳ ಅರಸುತನದಲ್ಲಿ ಅವನ ಪೂರ್ವಿಕರಿಗೆ ಇಂಥದೊಂದು ಪಾಲು ಇದ್ದುದಿಲ್ಲ. ಪ್ರಾಸಂಗಿಕವಾಗಿ ಹೇಳುವುದಾದರೆ, ೨೦೦೮ರ ಕ್ಷೇತ್ರ ಮರುವಿಂಗಡಣೆಯಿಂದ ಮೂಡಿಗೆರೆಯೂ ಕಾರ್ಕಳವೂ ಉಡುಪಿ-ಚಿಕ್ಕಮಗಳೂರು ಎಂಬ ಒಂದೇ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಭೈರರಸರ ಕಳಸ-ಕಾರ್ಕಳ ಸೀಮೆಯು ಹೀಗೆ ಮತದಾರರ ಪಟ್ಟಿಯಲ್ಲಿ ಮತ್ತೆ ಒಂದಾಗಿದೆ.

ಅರಸುತನದ ಗುಣವಾದ ನಿಶ್ಚಿತತೆಯನ್ನೂ ರಾಜ್ಯಾಂಗವು ಮರೆಯಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು. ರಾಷ್ಟ್ರಪತಿ ತೀರಿಕೊಂಡರೆ ಉಪರಾಷ್ಟ್ರಪತಿಯು ಆ ಕಾರ್ಯವನ್ನು ವಹಿಸಿಕೊಳ್ಳಬೇಕು, ಆರು ತಿಂಗಳೊಳಗೆ ಹೊಸಬರ ಆಯ್ಕೆಯಾಗಬೇಕು. ಇದಕ್ಕೆ ಕನ್ನಡಿಗರೊಬ್ಬರ ನಿದರ್ಶನವೇ ಇದೆ. ಬಿ. ಡಿ. ಜತ್ತಿಯವರು ಜಮಖಂಡಿ ಸಂಸ್ಥಾನದಲ್ಲಿ ಅರಸರ ಕಾಲದಲ್ಲಿಯೇ ಮಂತ್ರಿಯಾಗಿದ್ದವರು; ೧೯೫೮ರಲ್ಲಿ ಮೈಸೂರಿನ ಮುಖ್ಯಮಂತ್ರಿಯಾದಾಗ ರಾಜ್ಯಪಾಲರಾಗಿದ್ದವರು ಜಯಚಾಮರಾಜೇಂದ್ರ ಒಡೆಯರು. ೧೯೭೭ರ ಫೆಬ್ರವರಿ ೧೧ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಅಂದೇ ಆ ಹೊಣೆಯನ್ನು ಹೊತ್ತು ಜುಲೈ ೨೫ರ ತನಕ ನಿರ್ವಹಿಸಿದರು. ದೇಶದಲ್ಲಿ ತುರ್ತು ಪರಿಸ್ಥಿತಿಯಿತ್ತು, ಸಾರ್ವತ್ರಿಕ ಚುನಾವಣೆ ಸಮೀಪಿಸಿತ್ತು, ಕೇಂದ್ರದಲ್ಲಿ ಆಳುವ ಪಕ್ಷವೇ ಬದಲಾಯಿತು. ಆದರೂ ಅಗ್ರಸ್ಥಾನ ಒಂದು ದಿನವೂ ಬರಿದಾಗಿರಲಿಲ್ಲ.

೬. ಅನ್ಯದೇಶಗಳ ಅನುಭವ

ಇದೇ ಪ್ರಶ್ನೆಯನ್ನು ಎದುರಿಸಿದ ಬೇರೆ ದೇಶಗಳನ್ನೂ ಸಂಕ್ಷೇಪವಾಗಿ ನೋಡಬಹುದು. ಐರ್ಲೆಂಡ್ ೧೯೩೭ರ ರಾಜ್ಯಾಂಗದಲ್ಲಿ ಅಧ್ಯಕ್ಷನನ್ನು ಜನರೇ ನೇರವಾಗಿ ಚುನಾಯಿಸುವ ಕ್ರಮವನ್ನು ಇರಿಸಿಕೊಂಡು ಅವನ ಅಧಿಕಾರವನ್ನು ಮಿತಗೊಳಿಸಿತು. ನೇರ ಚುನಾವಣೆಯಿಂದ ಘರ್ಷಣೆ ಅನಿವಾರ್ಯವೆಂಬ ವಾದಕ್ಕೆ ಆ ದೇಶದ ಅನುಭವ ಒಂದು ಪ್ರತ್ಯುತ್ತರ. ಆಸ್ಟ್ರೇಲಿಯದಲ್ಲಿ ೧೯೯೯ರ ನವೆಂಬರ್ ೬ರಂದು ಜನಮತಗಣನೆ ನಡೆಯಿತು. ಸಂಸತ್ತಿನ ಉಭಯ ಸದನಗಳು ಮೂರನೆಯ ಎರಡು ಬಹುಮತದಿಂದ ಅಧ್ಯಕ್ಷನನ್ನು ಆರಿಸುವ, ಆದರೆ ಪ್ರಧಾನಿಯೇ ಅವನನ್ನು ತೆಗೆದುಹಾಕಬಲ್ಲ ಯೋಜನೆಯನ್ನು ಶೇಕಡ ೫೫ರಷ್ಟು ಮತದಾರರು ತಿರಸ್ಕರಿಸಿದರು. ಅರಸುತನ ಬೇಡವೆಂದವರಲ್ಲಿಯೇ, ಆಯ್ಕೆಯು ಜನರ ಕೈಯಲ್ಲಿರಬೇಕೆಂದು ಬಯಸಿದ ಅನೇಕರು ಈ ಯೋಜನೆಗೆ ಎದುರಾಗಿದ್ದರು. ಬಾರ್ಬಡೋಸ್ ೨೦೨೧ರ ನವೆಂಬರ್ ೩೦ರಂದು ಗಣರಾಜ್ಯವಾದಾಗ ಅಲ್ಲಿಯ ಕೊನೆಯ ಗವರ್ನರ್ ಜನರಲ್ ಸಾಂಡ್ರಾ ಮೇಸನ್ ಅವರೇ ಸಂಸತ್ತಿನಿಂದ ಚುನಾಯಿತರಾಗಿ ಮೊದಲ ಅಧ್ಯಕ್ಷರಾದರು. ವ್ಯಕ್ತಿ ಅದೇ, ಆಧಾರ ಬೇರೆ ಎಂಬ ಮೈಸೂರಿನ ಕ್ರಮವು ಅಲ್ಲಿಯೂ ಕಂಡುಬಂದಿತು.

೭. ಉಳಿದಿರುವ ಪ್ರಶ್ನೆ

ಮೇಲಿನ ವಿವೇಚನೆಯಿಂದ, ಅರಸನ ಸ್ಥಾನವನ್ನು ತುಂಬುವ ಯಾವ ಕ್ರಮವನ್ನಾದರೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕೆಂದು ತೋರುತ್ತದೆ. ಅವನನ್ನು ತರುವವರು ಯಾರು? ತೆಗೆಯುವವರು ಯಾರು? ಅವನು ಸ್ವಂತ ವಿವೇಚನೆಯಿಂದ ಏನು ಮಾಡಬಲ್ಲ? ರಾಷ್ಟ್ರಪತಿಯ ಮಟ್ಟಿಗೆ ಉತ್ತರಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಅವರನ್ನು ಜನಪ್ರತಿನಿಧಿಗಳು ತರುತ್ತಾರೆ, ಮಹಾಭಿಯೋಗದಿಂದ ಜನಪ್ರತಿನಿಧಿಗಳೇ ತೆಗೆಯಬಲ್ಲರು, ಮಂತ್ರಿಮಂಡಲದ ಸಲಹೆಯಂತೆ ಅವರು ನಡೆಯುತ್ತಾರೆ.

ರಾಜ್ಯಪಾಲರ ಮಟ್ಟಿಗೆ ಹಾಗೆ ಹೇಳಲಾಗದು. ತರುವುದೂ ತೆಗೆಯುವುದೂ ಕೇಂದ್ರ ಸರಕಾರದ ಸಲಹೆಯಿಂದ; ಆದರೆ ಅವರು ಸಲಹೆ ಪಡೆದು ನಡೆಯಬೇಕಾದುದು ರಾಜ್ಯದ ಮಂತ್ರಿಮಂಡಲದಿಂದ. ಯಾರಿಗೂ ಸ್ಪಷ್ಟ ಬಹುಮತವಿಲ್ಲದ ಸಮಯದಲ್ಲಿ ಅವರಿಗಿರುವ ವಿವೇಚನೆ ಸಣ್ಣದಲ್ಲ. ಅಂಬೇಡ್ಕರರು ಔಪಚಾರಿಕವೆಂದು ಎಣಿಸಿದ ಸ್ಥಾನವು ಇದೇ ಕರ್ನಾಟಕದಲ್ಲಿ ಸರಕಾರದ ಅಳಿವು ಉಳಿವುಗಳನ್ನು ಮುಟ್ಟಿದುದನ್ನು ನಾವು ಕಂಡಿದ್ದೇವೆ. ೧೯೮೯ರ ಏಪ್ರಿಲ್ ೨೧ರಂದು ಎಸ್. ಆರ್. ಬೊಮ್ಮಾಯಿಯವರ ಸರಕಾರವು ವಿಧಾನಸಭೆಯಲ್ಲಿ ಬಲಪರೀಕ್ಷೆಯಾಗದೆಯೇ, ರಾಜ್ಯಪಾಲರ ವರದಿಯ ಮೇಲೆ ಹೋಯಿತು. ಬಹುಮತವನ್ನು ಅಳೆಯಬೇಕಾದ ಸ್ಥಳ ಸಭೆಯ ಅಂಗಳವೇ ಹೊರತು ರಾಜಭವನವಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ತೀರ್ಪಿತ್ತುದು ೧೯೯೪ರ ಮಾರ್ಚ್ ೧೧ರಂದು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು. ೨೦೧೮ರ ಮೇ ತಿಂಗಳಲ್ಲಿ ಬಹುಮತ ತೋರಿಸಲು ರಾಜ್ಯಪಾಲರು ಕೊಟ್ಟಿದ್ದ ಹದಿನೈದು ದಿನಗಳ ಅವಕಾಶವನ್ನು ಅದೇ ನ್ಯಾಯಾಲಯವು ಮೊಟಕುಗೊಳಿಸಿ ೧೯ರಂದೇ ಬಲಪರೀಕ್ಷೆ ನಡೆಯಬೇಕೆಂದಿತು. ಈ ಎರಡು ಸಂದರ್ಭಗಳಲ್ಲಿ ಯಾವ ಪಕ್ಷದ್ದು ಸರಿ ಎಂಬುದು ನಮ್ಮ ವಿಷಯವಲ್ಲ. ಎರಡು ಸಲವೂ ಆ ಸ್ಥಾನದ ಬೇರು ರಾಜ್ಯದ ಜನರಲ್ಲಿ ಇರಲಿಲ್ಲವೆಂಬುದೇ ವಿಚಾರಾರ್ಹ.

ಈ ಕೊರತೆಯನ್ನು ಗಮನಿಸಿದವರು ಇಲ್ಲದಿಲ್ಲ. ೧೯೮೩ರಲ್ಲಿ ನೇಮಕವಾದ ಸರ್ಕಾರಿಯಾ ಆಯೋಗವು ನೇಮಕಕ್ಕೆ ಮುನ್ನ ಮುಖ್ಯಮಂತ್ರಿಯೊಡನೆ ಸಮಾಲೋಚಿಸಬೇಕೆಂದು ಸೂಚಿಸಿತು. ೨೦೧೦ರಲ್ಲಿ ವರದಿ ಒಪ್ಪಿಸಿದ ಪೂಂಛಿ ಆಯೋಗವು ಮುಂದೆ ಹೋಗಿ, ರಾಜ್ಯಪಾಲರನ್ನು ತೆಗೆಯುವ ಅಧಿಕಾರವು ಮಹಾಭಿಯೋಗದ ರೂಪದಲ್ಲಿ ರಾಜ್ಯದ ಶಾಸನಸಭೆಗಿರಬೇಕೆಂದಿತು.

ರಾಜ್ಯಪಾಲರನ್ನು ನೇರ ಚುನಾವಣೆಯಿಂದ ತರಬೇಕೆಂದು ನಾವು ಹೇಳುವುದಿಲ್ಲ. ೧೯೪೯ರ ಎಚ್ಚರಿಕೆಗಳಲ್ಲಿ ಸತ್ಯಾಂಶವಿದೆ. ಆದರೆ ೧೯೪೮ರ ಕರಡಿನಲ್ಲಿದ್ದ ಎರಡನೆಯ ಮಾರ್ಗ, ಅಂದರೆ ಶಾಸನಸಭೆಯು ನಾಲ್ವರ ಹೆಸರು ಕೊಟ್ಟು ರಾಷ್ಟ್ರಪತಿಯು ಒಬ್ಬರನ್ನು ಆರಿಸುವ ಕ್ರಮವು ಮರುಪರಿಶೀಲನೆಗೆ ಅರ್ಹವೆಂದು ವಿನಯಪೂರ್ವಕವಾಗಿ ಸೂಚಿಸುತ್ತೇವೆ. ಅದರಲ್ಲಿ ಹೆಸರನ್ನು ಒದಗಿಸುವವರು ರಾಜ್ಯದವರು, ಮಾನ್ಯತೆ ಕೊಡುವವರು ಒಕ್ಕೂಟದವರು. ಮೈಸೂರಿಗೆ ಹೊಸದಾದ ರಚನೆ ಅದಲ್ಲ; ವಂಶವಿದ್ದ ಕಡೆ ಶಾಸನಸಭೆಯನ್ನು ಇರಿಸಿದರೆ ೧೮೮೧ರಿಂದ ೧೯೫೬ರ ತನಕ ಇಲ್ಲಿ ನಡೆದುಬಂದ ಕ್ರಮವೇ ಆಗುತ್ತದೆ.

ಆರಂಭದಲ್ಲಿ ಹೇಳಿದ ಮೂಡಿಗೆರೆಯ ಬಾಲಕನು ಇಂದು ಬದುಕಿದ್ದರೆ ತೊಂಬತ್ತು ದಾಟಿದ ವೃದ್ಧ. ಅವನ ಶಾಸಕನಿಗೆ ದೇಶದ ರಾಷ್ಟ್ರಪತಿಯ ಆಯ್ಕೆಯಲ್ಲಿ ೧೩೧ರ ಮೌಲ್ಯವಿದೆ. ತನ್ನ ರಾಜ್ಯದ ರಾಜ್ಯಪಾಲರ ಆಯ್ಕೆಯಲ್ಲಿ ಆ ಶಾಸಕನಿಗಿರುವ ಮೌಲ್ಯ ಸೊನ್ನೆ. ೧೯೪೦ರಲ್ಲಿ ಆ ಬಾಲಕನ ತಂದೆಗೆ ಮಹಾರಾಜರ ಆಯ್ಕೆಯಲ್ಲಿ ಇದ್ದುದೂ ಅಷ್ಟೇ.